ಅಣ್ಣನ ಮುಖದ ಪ್ಯಾನ್‌ಕೇಕ್

ಫೆಬ್ರವರಿ 3

ಇವತ್ತಿನಿಂದ ಮತ್ತೆ ನಾಟಕ. ರಜೆಯುದ್ದಕ್ಕೂ ಬೀಗ ಹಾಕಿಟ್ಟಿದ್ದ ಬಣ್ಣದ ಕೋಣೆಯ ಬಾಗಿಲು ತೆಗೆದ ಕೂಡಲೇ ಹಳೆ ಪೌಡರಿನ ವಾಸನೆ ಮೂಗಿಗೆ ಹೊಡೆದು ಸೀನಿ ಸೀನಿ ಸಾಕಾಯಿತು. ಕನ್ನಡಿಯ ಸುತ್ತಲಿನ ಹಳದಿ ಬಲ್ಬುಗಳಲ್ಲಿ ಅರ್ಧ ಸತ್ತಿವೆ. ಮ್ಯಾನೇಜರಿಗೆ ಹೇಳಿದರೆ "ಉಳಿದದ್ದು ಉರೀತಿದೆಯಲ್ಲಮ್ಮ" ಎಂದರು. ಉರಿಯುತ್ತಿರುವುದು ನನ್ನ ಹೊಟ್ಟೆ.

ಅಣ್ಣ ಎಂದಿನಂತೆ ಕೊನೆ ಗಳಿಗೆಯಲ್ಲಿ ಬಂದು ಕುರ್ಚಿಯಲ್ಲಿ ಕುಸಿದು ಕೂತ. "ಹಚ್ಚು ತಾಯಿ, ಇಪ್ಪತ್ತೈದು ಮಾಡು ನನ್ನ" ಎಂದ. ಐವತ್ತೆಂಟರ ಮನುಷ್ಯ ಮೊದಲ ಅಂಕದಲ್ಲಿ ಇಪ್ಪತ್ತೈದರ ಹುಡುಗನಾಗಬೇಕು, ಕೊನೆಯ ಅಂಕದಲ್ಲಿ ಎಪ್ಪತ್ತರ ಮುದುಕನಾಗಬೇಕು. ಮುದುಕನನ್ನು ಯಾರು ಬೇಕಾದರೂ ಮಾಡಿಯಾರು, ನಾಲ್ಕು ಗೆರೆ ಎಳೆದರಾಯಿತು. ಹುಡುಗನನ್ನು ಮಾಡುವುದಿದೆಯಲ್ಲ, ಅದಕ್ಕೆ ನನ್ನ ಕೈಯೇ ಬೇಕು.

"ಕಣ್ಣು ಮುಚ್ಚು" ಎಂದೆ. ಮುಚ್ಚಿದ. ಅಣ್ಣ ತಂಗಿ ದಿನವೂ ಭೇಟಿಯಾಗುವುದು ಹೀಗೆ. ಅವನ ಕಣ್ಣು ಮುಚ್ಚಿರುತ್ತದೆ, ನನ್ನ ಬಾಯಿ ತೆರೆದಿರುತ್ತದೆ. ಹಗಲು ಅವನು ತನ್ನ ಮನೆಯಲ್ಲಿ ನಿದ್ದೆ ಮಾಡುತ್ತಾನೆ, ನಾನು ಊರಿನ ಈ ತುದಿಯಲ್ಲಿ ನನ್ನ ಕೆಲಸ ನೋಡಿಕೊಳ್ಳುತ್ತೇನೆ. ಅತ್ತಿಗೆ ತೀರಿಕೊಂಡ ಮೇಲೆ ಆ ಮನೆಗೆ ಹೋಗುವುದೇ ಕಡಿಮೆಯಾಗಿದೆ.

ಪರದೆ ಬಿದ್ದ ಮೇಲೆ ನಿರ್ದೇಶಕರು ಪಕ್ಕಕ್ಕೆ ಕರೆದರು. "ಈ ಸೀಸನ್ ನೋಡ್ತೀನಮ್ಮ. ಮೊದಲ ಅಂಕದಲ್ಲಿ ಜನ ನಕ್ಕರೆ ಆ ಪಾತ್ರ ಬದಲಿಯವನಿಗೆ ಹೋಗುತ್ತೆ." ಬದಲಿಯವನೆಂದರೆ ಅಣ್ಣನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಪರದೆಯ ಪಕ್ಕದಲ್ಲಿ ಹಸಿದ ಬೆಕ್ಕಿನ ಹಾಗೆ ನಿಂತಿರುವ ಯುವಕ. "ಯಾರೂ ನಗಲ್ಲ ಸಾರ್" ಎಂದೆ. ನಾನಿರುವಷ್ಟು ದಿನ ಅಣ್ಣನಿಗೆ ಮುಪ್ಪಿಲ್ಲ.

ಫೆಬ್ರವರಿ 12

ಚೋಟು ಹಡಗಿನಿಂದ ಸಂದೇಶ ಕಳಿಸಿದ್ದಾಳೆ. "ಅತ್ತೆ, ಇವತ್ತು ನಮ್ಮ ಅಡುಗೆಯವರು ತಿಂಡಿಗೆ ಪ್ಯಾನ್‌ಕೇಕ್ ಮಾಡಿದ್ರು. ತಟ್ಟೆ ನೋಡಿ ನಾನೊಬ್ಬಳೇ ನಕ್ಕೆ. ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ."

ಅಣ್ಣನ ಮಗಳು ಚೋಟುದ್ದ ಇದ್ದಾಗ ಯಾರೋ ಅವಳಿಗೆ ಪ್ಯಾನ್‌ಕೇಕ್ ಎಂದರೆ ಹಿಟ್ಟು, ಹಾಲು, ಮೊಟ್ಟೆ ಕಲಸಿ ಕಾವಲಿಯ ಮೇಲೆ ಹುಯ್ಯುವ ಸಿಹಿ ಬಿಲ್ಲೆ ಎಂದು ಹೇಳಿಕೊಟ್ಟಿದ್ದರು. ಸರಿ, ನನ್ನ ಪೆಟ್ಟಿಗೆಯಿಂದ ಇಪ್ಪತ್ತೇಳನೇ ನಂಬರಿನ ಡಬ್ಬಿ ತೆಗೆದು ಕಚ್ಚಿಯೇಬಿಟ್ಟಳು. ಒದ್ದೆ ಸ್ಪಂಜಿನಿಂದ ಉಜ್ಜಿ ಮುಖಕ್ಕೆ ಬಳಿಯುವ ಬಣ್ಣದ ಬಿಲ್ಲೆ ಅದು. ಹಲ್ಲೆಲ್ಲ ಕಂದು ಮಾಡಿಕೊಂಡು ಬಂದು "ಅತ್ತೆ, ಇದಕ್ಕೆ ಸಕ್ಕರೆ ಹಾಕೋದು ಮರ್ತಿದೀರ" ಎಂದಿದ್ದಳು. ಈಗ ಸರಕು ಹಡಗಿನಲ್ಲಿ ಅಧಿಕಾರಿ, ನನಗಿಂತ ಒಂದು ತಲೆ ಎತ್ತರ. ನಮಗೆ ಮಾತ್ರ ಇನ್ನೂ ಚೋಟು.

ನಮ್ಮ ಕಂಪನಿಯಲ್ಲಿ ಆ ಮಾತಿಗೆ ಇನ್ನೊಂದು ಬಳಕೆಯೂ ಇದೆ. ಯಾರಾದರೂ ಸುಳ್ಳನ್ನು ನಯ ಮಾಡಿ ಹೇಳಿದರೆ "ಪ್ಯಾನ್‌ಕೇಕ್ ಹಚ್ಬೇಡ" ಎನ್ನುತ್ತೇವೆ. ಮ್ಯಾನೇಜರು ಇವತ್ತು ಬಲ್ಬು ನಾಳೆ ಬರುತ್ತದೆ ಎಂದಾಗ ಇಡೀ ಕೋಣೆ ಒಂದೇ ದನಿಯಲ್ಲಿ ಕೂಗಿತು.

ಒಂದು ತಲೆನೋವು ಶುರುವಾಗಿದೆ. ಇಪ್ಪತ್ತೇಳು ಅಣ್ಣನಿಗೆ ಹುಟ್ಟಿನಿಂದ ಬಂದ ನಂಬರು ಎಂದು ನಾವು ತಮಾಷೆ ಮಾಡುವಷ್ಟು ಅವನ ಚರ್ಮಕ್ಕೆ ಒಗ್ಗಿದ್ದು. ಇವತ್ತು ದವಡೆಗೆ ಹಚ್ಚಿದರೆ ಕುಂಬಳಕಾಯಿಯ ಬಣ್ಣ ಹೊಡೆಯಿತು. ಒರೆಸಿ ಮತ್ತೆ ಹಚ್ಚಿದೆ. ಅದೇ ಹಾಡು. ಡಬ್ಬಿ ಹೊಸದು, ಮೊನ್ನೆ ತಂದದ್ದು. ಈಗಿನವರು ಏನು ಬೆರೆಸುತ್ತಾರೋ!

ಫೆಬ್ರವರಿ 20

ಬಣ್ಣದಂಗಡಿಗೆ ಹೋಗಿ ಜಗಳ ಮಾಡಿ ಬಂದೆ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ "ಇದು ಇಪ್ಪತ್ತೇಳಾ? ಇದರಲ್ಲಿ ಹಳದಿ ಎಷ್ಟಿದೆ ನೋಡಿ" ಎಂದೆ. ಅಂಗಡಿಯವರು ಹಳೆ ಡಬ್ಬಿ, ಹೊಸ ಡಬ್ಬಿ ಎರಡನ್ನೂ ತಮ್ಮ ಮುಂಗೈಗೆ ಬಳಿದು ತೋರಿಸಿದರು. "ಎರಡೂ ಒಂದೇ ಅಲ್ವೇನಮ್ಮ?"

ಒಂದೇ ಥರ ಕಂಡಿತು, ಒಪ್ಪುತ್ತೇನೆ. ಆದರೆ ಅವರ ಕೈ ಅಣ್ಣನ ಮುಖವೇ? ಮುಖಕ್ಕೆ ಬಂದಾಗ ತಾನೇ ಬಣ್ಣದ ಬಂಡವಾಳ ಬಯಲಾಗುವುದು. ಹಾಗೆಂದು ನಾಲ್ಕು ಜನರ ಮುಂದೆಯೇ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಗೊಣಗಿದರು. ನಾನು ಬಿಡುತ್ತೇನೆಯೇ? ಬಾಯಿಗೆ ಬಂದಂತೆ ಅಂದೆ. ಕೊನೆಗೆ ಅವರೂ ತಾಳ್ಮೆ ಕಳೆದುಕೊಂಡು "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೋಗಿ, ಮೊದಲು ಕಣ್ಣು ತೋರಿಸ್ಕೊಳ್ಳಿ" ಎಂದುಬಿಟ್ಟರು.

ನನ್ನ ಕಣ್ಣು! ಮೂವತ್ತು ವರ್ಷ ಬಣ್ಣದಲ್ಲಿ ಬೆಂದ ಕಣ್ಣು. ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತಿದರೆ ಕೇಳಿ.

ಮಾರ್ಚ್ 2

ಅಣ್ಣನಿಗೆ ಮೈ ಕೆರೆತ. ಕುರ್ಚಿಯಲ್ಲಿ ಕೂತರೆ ಒಂದು ಕ್ಷಣ ಸುಮ್ಮನಿರುವುದಿಲ್ಲ, ಕತ್ತು ಕೆರೆದುಕೊಳ್ಳುತ್ತಾನೆ, ಕಾಲು ಕೆರೆದುಕೊಳ್ಳುತ್ತಾನೆ. "ಕಪಿಯ ಪಾತ್ರ ಯಾವಾಗ ಸಿಕ್ತೋ?" ಎಂದು ಕೇಳಿದೆ. ನಕ್ಕ. ಹಾಳು ಪ್ಯಾನ್‌ಕೇಕ್ ಅವನ ಚರ್ಮಕ್ಕೆ ಆಗಿಬರುತ್ತಿಲ್ಲ, ಇನ್ನೇನು. ಮುಖಕ್ಕೆ ಹಚ್ಚಿದ್ದಕ್ಕೆ ಕಾಲೇಕೆ ಕೆರೆಯಬೇಕು ಎಂದು ಒಂದು ಸಲ ಅನ್ನಿಸಿತು. ರಕ್ತ ಎಲ್ಲ ಕಡೆ ಓಡುತ್ತದಲ್ಲ, ಹಾಗಿರಬಹುದು. ಸ್ಪಂಜುಗಳನ್ನೆಲ್ಲ ಬಿಸಿನೀರಿನಲ್ಲಿ ಕುದಿಸಿದೆ.

ಕೆನ್ನೆ ಒಳಗೆ ಹೋಗಿದೆ. ಬೆಳಕು ಚೆನ್ನಾಗಿ ಕೂರುತ್ತದೆ. ಉಡುಪಿನವರು ಕೋಟಿನ ಬೆನ್ನಿಗೆ ಪಿನ್ನು ಹಾಕಿ ಬಿಗಿ ಮಾಡಿದರು. "ಹುಡುಗನ ಸೊಂಟ ಬಂತಲ್ಲಣ್ಣ" ಎಂದು ಅವರು ಹೇಳಿದಾಗ ನನಗೂ ಖುಷಿಯೇ ಆಯಿತು. ಊಟ ಕಡಿಮೆ ಮಾಡು ಎಂದು ನಾನು ಎಷ್ಟು ವರ್ಷದಿಂದ ಬಡಿದುಕೊಳ್ಳುತ್ತಿದ್ದೆ.

ಇನ್ನೊಂದು ಅನುಕೂಲವೂ ಆಗಿದೆ. ಕೊನೆಯ ಅಂಕಕ್ಕೆ ಮೊದಲು ಆ ನಾಲ್ಕು ಗೆರೆಯನ್ನಾದರೂ ಎಳೆಯಬೇಕಿತ್ತು. ಈಗ ಪ್ಯಾನ್‌ಕೇಕ್ ಒರೆಸಿದರೆ ಸಾಕು, ಮುದುಕ ತಯಾರು. ಆ ಹೊತ್ತಿನಲ್ಲಿ ಕೂತು ಒಂದು ಲೋಟ ಚಹಾ ಕುಡಿದೆ.

ಮಾರ್ಚ್ 9

ಅಣ್ಣ ಇವತ್ತು ಕಣ್ಣು ಮುಚ್ಚಿಕೊಂಡೇ ಹೇಳಿದ. "ಆ ಹುಡುಗನಿಗೆ ಕೊಟ್ಬಿಡೋಣ ಕಣೇ ಪಾತ್ರ. ಸುಸ್ತಾಗ್ತಿದೆ."

"ಯಾರಿಗೆ ಸುಸ್ತಾಗಲ್ಲ? ನಂಗಾಗಲ್ವಾ?"

"ಎರಡನೇ ಅಂಕದಲ್ಲಿ ಮೆಟ್ಟಿಲು ಹತ್ತೋವಾಗ ಕಣ್ಣಿಗೆ ಕತ್ತಲೆ ಬರುತ್ತೆ. ನಾನೇ ಹೋಗಿ ಹೇಳ್ಬಿಡ್ತೀನಿ ನಿರ್ದೇಶಕರಿಗೆ."

ನನಗೆ ಎಲ್ಲಿತ್ತೋ ಸಿಟ್ಟು. "ಹೇಳು. ನನ್ನ ತಂಗಿ ಕೈಲಿ ಇನ್ನು ಆಗ್ತಿಲ್ಲ, ನನ್ನ ವಯಸ್ಸು ಮುಚ್ಚೋಕೆ ಅವಳಿಗೆ ಬರಲ್ಲ ಅಂತಾನೂ ಹೇಳು. ನೀನು ಇಳಿದ ದಿನ ಜನ ಏನಂತಾರೆ? ಮೇಕಪ್ಪಿನವಳ ಕೈ ಕೆಟ್ಟಿತು ಅಂತಾರೆ. ನಿಂಗೆ ಚಪ್ಪಾಳೆ ಸಿಕ್ಕಾಯ್ತು, ನಂಗೇನು ಸಿಕ್ತು?" ಇಷ್ಟೂ ಅಂದೆ. ಹೆಂಗಸರು ಬಟ್ಟೆ ಬದಲಿಸುತ್ತಿದ್ದ ಪರದೆಯ ಆಚೆ ಸದ್ದು ನಿಂತುಹೋಯಿತು.

ಅವನು ಕಣ್ಣು ಬಿಡಲಿಲ್ಲ. "ಸರಿ, ಈ ಸೀಸನ್ ಮುಗೀಲಿ" ಎಂದ. ನಾನು ಕತ್ತಿಗೆ ಹಚ್ಚುವುದನ್ನು ಮುಂದುವರಿಸಿದೆ.

ಮಾರ್ಚ್ 10

ಇವತ್ತು ಅವನು ಮೆಟ್ಟಿಲನ್ನು ಎಂದಿಗಿಂತ ಚೆನ್ನಾಗಿ ಹತ್ತಿದ. ನಾನು ಹೇಳಿರಲಿಲ್ಲವೇ?

ಮಾರ್ಚ್ 21

ಗೆದ್ದೆ! ಹಳದಿಯ ಗುಟ್ಟು ಸಿಕ್ಕಿತು. ಪ್ಯಾನ್‌ಕೇಕಿನ ಕೆಳಗೆ ತಿಳಿ ನೇರಳೆಯ ಒಂದು ತೆಳು ಪದರ ಹಚ್ಚಿದರೆ ಹಳದಿ ಸದ್ದಿಲ್ಲದೆ ಸತ್ತುಹೋಗುತ್ತದೆ. ಅದರ ಮೇಲೆ ಇಪ್ಪತ್ತೇಳರ ಜೊತೆ ಚೂರು ಗುಲಾಬಿ. ವಯಸ್ಸಾದಂತೆ ಕೆಲವರ ಚರ್ಮ ಹೀಗೆ ಬಣ್ಣ ತಿರುಗುತ್ತದೆ, ಅಪ್ಪನದೂ ಹಾಗೇ ಇತ್ತೇನೋ. ಅಂಗಡಿಯವರನ್ನು ಅಷ್ಟೊಂದು ಬೈಯಬಾರದಿತ್ತು. ಹಾಗೆಂದು ಹೋಗಿ ಹೇಳುವವಳೂ ನಾನಲ್ಲ.

ಮೊದಲ ಅಂಕದಲ್ಲಿ ಅಣ್ಣ ಬೆಳಕಿಗೆ ಬಂದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ತೋಳು ಹಿಡಿದದ್ದನ್ನು ಪರದೆಯ ಸಂದಿನಿಂದ ನೋಡಿದೆ. ನಿರ್ದೇಶಕರು ಬಂದು "ಏನು ಮಾಯ ಮಾಡ್ತೀಯಮ್ಮ" ಎಂದರು. ಬದಲಿಯವನ ಮುಖ ನೋಡಬೇಕಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಒಬ್ಬಳೇ ನಗುತ್ತಿದ್ದೆ.

ಮಾರ್ಚ್ 28

ಹೊಸ ಪೋಸ್ಟರಿಗೆ ಚಿತ್ರ ತೆಗೆಯಲು ಬೆಳಿಗ್ಗೆ ಎಲ್ಲರನ್ನೂ ಕರೆಸಿದ್ದರು. ಕೋಣೆಯಲ್ಲಿ ಬಣ್ಣ ಮುಗಿಸಿದೆ. ಫೋಟೊದವರು ಒಳಗೆ ಬೆಳಕು ಸಾಲದು, ಮಾಳಿಗೆಗೆ ಬನ್ನಿ ಎಂದರು. ಮೇಲೆ ಬಿಸಿಲು ಚೆನ್ನಾಗಿ ಬಂದಿತ್ತು. ಅವರು ಒಮ್ಮೆ ನೋಡಿ "ಅಮ್ಮ, ಬಣ್ಣ ಸರಿ ಹೋಗಿಲ್ಲ. ಕಿವಿ ಹಿಂದೆ, ಕುತ್ತಿಗೆ ಎಲ್ಲ ಹಳದಿ ಹೊಡೀತಿದೆ. ಒರೆಸಿ ಬೇರೆ ಹಚ್ಚಿ" ಎಂದರು.

ನೆತ್ತಿ ಕಾದುಹೋಯಿತು. ಕೋಲ್ಡ್ ಕ್ರೀಮು, ಹತ್ತಿ ತಂದು ಅಲ್ಲೇ ಅವನನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂರಿಸಿ ಒರೆಸಿದೆ. ಪ್ಯಾನ್‌ಕೇಕ್ ಬಂತು. ನೇರಳೆ ಬಂತು. ಹಳದಿ ಬರಲಿಲ್ಲ. ಇನ್ನೊಂದು ಹತ್ತಿ ತೆಗೆದುಕೊಂಡೆ, ಉಜ್ಜಿದೆ. ಮತ್ತೊಂದು ತೆಗೆದುಕೊಂಡೆ. ಹತ್ತಿ ಬೆಳ್ಳಗೇ ಇತ್ತು, ಅಣ್ಣ ಹಳದಿಯಾಗಿಯೇ ಇದ್ದ.

"ಉರೀತಿದೆ ಕಣೇ, ಸಾಕು" ಎಂದ.

"ಕಣ್ಣು ಬಿಡು" ಎಂದೆ.

ಬಿಟ್ಟ. ಕಣ್ಣಿನಲ್ಲಿ ಬಿಳಿಯೇ ಇರಲಿಲ್ಲ.

ಮಾರ್ಚ್ 31

ಆಸ್ಪತ್ರೆ. ಹೊಟ್ಟೆಯೊಳಗೆ ಪಿತ್ತ ಇಳಿಯುವ ದಾರಿಗೆ ಗಡ್ಡೆಯೊಂದು ಅಡ್ಡ ಕೂತಿದೆಯಂತೆ. ಮುಟ್ಟಿದರೆ ನೋಯದ ಗಡ್ಡೆ, ಕೆಟ್ಟ ಗಡ್ಡೆ. ಸುತ್ತಲೂ ಹಬ್ಬಿದೆ, ಕತ್ತರಿಸಿ ತೆಗೆಯುವ ಕಾಲ ಮೀರಿದೆ ಎಂದರು.

ವೈದ್ಯೆ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬೈಯಲು ಕೇಳಿದ್ದಲ್ಲ, ಬರೆದುಕೊಳ್ಳಲು ಕೇಳಿದ್ದು. "ಕಾಮಾಲೆ ಶುರುವಾಗಿ ಎರಡು ತಿಂಗಳಾದ್ರೂ ಆಗಿರಬೇಕು. ಇವರ ಮುಖ ದಿನಾ ನೋಡೋರು ಯಾರೂ ಇರಲಿಲ್ವಾ?"

ಅಣ್ಣನೇ ಉತ್ತರ ಕೊಟ್ಟ. "ನಾನೊಬ್ನೇ ಇರೋದು ಡಾಕ್ಟ್ರೇ."

ಏಪ್ರಿಲ್ 1

ಬರೆಯಲು ಕೂತೆ. ಆಗುತ್ತಿಲ್ಲ.

ಏಪ್ರಿಲ್ 8

ಪಿತ್ತ ಇಳಿಯಲೆಂದು ಸಣ್ಣ ಕೊಳವೆ ಹಾಕಿದ್ದರು. ಅದೂ ಸರಿಯಾಗಿ ಹಿಡಿಯಲಿಲ್ಲ, ಇನ್ನೊಮ್ಮೆ ಹಾಕುವಷ್ಟು ತ್ರಾಣ ಅವನಿಗಿಲ್ಲವಂತೆ. ಮನೆಗೆ ಕರೆದುಕೊಂಡು ಬಂದೆ. ನಾನೂ ಇಲ್ಲೇ ಇದ್ದೇನೆ, ಚೋಟುವಿನ ಕೋಣೆಯಲ್ಲಿ.

ಇಲ್ಲಿ ಹಗಲಿನ ಬೆಳಕು ಧಾರಾಳ. ಪೂರ್ವಕ್ಕೆ ಎರಡು ದೊಡ್ಡ ಕಿಟಕಿ. ಫೆಬ್ರವರಿಯಲ್ಲಿ ಒಂದೇ ಒಂದು ಬೆಳಿಗ್ಗೆ ಬ್ರೆಡ್ಡು ತರುವ ನೆಪದಲ್ಲಿ ಬಂದು ಈ ಕಿಟಕಿಯ ಹತ್ತಿರ ಅವನ ಜೊತೆ ಕೂತಿದ್ದರೆ ಸಾಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ಕನ್ನಡಿಯ ಮುಂದೆಯೇ ಕೂರಿಸಿಕೊಂಡು, ಅಂಗೈಯಲ್ಲೇ ಆ ಮುಖ ಹಿಡಿದುಕೊಂಡು, ಹಳದಿ ಕಂಡಷ್ಟೂ ಹಚ್ಚಿದೆ. ಕಂಡಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಎಲ್ಲರಿಗಿಂತ ಮೊದಲು ಕಂಡವಳು ನಾನು. ಕಂಡದ್ದನ್ನು ಹೇಗೆ ಅಳಿಸುವುದು ಎಂದಷ್ಟೇ ಯೋಚಿಸಿದೆ.

ಸೂಪು ಕುಡಿಸುವಾಗ ಕೇಳಿದೆ. "ಇಷ್ಟೆಲ್ಲ ಆಗ್ತಿರೋವಾಗ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಮೂತ್ರ ಚಹಾ ಬಣ್ಣ ಆಗಿತ್ತು. ಅದನ್ನ ತಂಗಿಗೆ ಹೇಳೋದಾ?" ಎಂದು ನಕ್ಕ. ಆಮೇಲೆ ನಿಧಾನವಾಗಿ "ಸುಸ್ತು ಅಂತ ಹೇಳಿದ್ನಲ್ಲ ಕಣೇ" ಎಂದ. ಚುಚ್ಚಲು ಹೇಳಿದ್ದಲ್ಲ, ಅವನಿಗೆ ಚುಚ್ಚಲು ಬರುವುದೇ ಇಲ್ಲ. ಅಡುಗೆಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 16

ನಾಟಕ ನಡೆಯುತ್ತಿದೆ. ಬದಲಿಯವನೇ ಮಾಡುತ್ತಿದ್ದಾನೆ, ಬಣ್ಣಕ್ಕೆ ಬೇರೆ ಯಾರನ್ನೋ ಕರೆದಿದ್ದಾರೆ. ಆ ಹುಡುಗ ಇವತ್ತು ಹಣ್ಣು ಹಿಡಿದುಕೊಂಡು ಬಂದು ಅಣ್ಣನ ಕಾಲ ಬಳಿ ಕೂತು, ಎರಡನೇ ಅಂಕದ ಮೆಟ್ಟಿಲ ಮೇಲೆ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂದು ಕೇಳಿದ. ಅಣ್ಣ ಮಲಗಿದಲ್ಲಿಂದಲೇ ಹೇಳಿಕೊಟ್ಟ. ಎಷ್ಟು ಸಂತೋಷವಾಗಿದ್ದ! ಈ ಸಂತೋಷವನ್ನು ಅವನು ಮಾರ್ಚ್ ತಿಂಗಳಲ್ಲೇ ಕೇಳಿದ್ದ.

ಏಪ್ರಿಲ್ 23

ಚೋಟುವಿನ ಹಡಗು ಸೋಮವಾರ ನಮ್ಮ ಬಂದರಿಗೆ ಬರುತ್ತದೆ, ಸಂಜೆಗೆ ಹೊರಡುತ್ತದೆ. ಮಧ್ಯಾಹ್ನ ಬಂದು ಅಪ್ಪನನ್ನು ನೋಡಿ ಹೋಗುತ್ತಾಳಂತೆ. ಪಿತ್ತಕೋಶದಲ್ಲಿ ಕಲ್ಲು, ತೆಗೆದಿದ್ದಾರೆ ಎಂದಷ್ಟೇ ಅಣ್ಣ ಅವಳಿಗೆ ಹೇಳಿದ್ದಾನೆ. ಫೋನಿನಲ್ಲಿ ನನ್ನನ್ನು ಕೇಳಿದಳು. "ಅತ್ತೆ, ನಮ್ಮ ಬಂದರು ಬಿಟ್ಟ ಮೇಲೆ ಸಾಗರ ದಾಟಬೇಕು. ಒಂದ್ಸಲ ಹೊರಟ್ರೆ ನಡುವೆ ಇಳಿಯೋ ಹಾಗಿಲ್ಲ. ಅಪ್ಪನಿಗೆ ಜಾಸ್ತಿ ಹುಷಾರಿಲ್ಲ ಅಂದ್ರೆ ಹೇಳಿ, ಅಲ್ಲೇ ಇಳಿದುಬಿಡ್ತೀನಿ. ಬದಲಿ ಅಧಿಕಾರಿ ಇದ್ದಾರೆ."

"ಬಂದು ನೋಡು" ಎಂದೆ. ನಿಜವನ್ನು ಅವಳ ಕಣ್ಣೇ ಹೇಳಲಿ ಎಂದುಕೊಂಡೆ.

ಸಂಜೆ ಅಣ್ಣ ಕರೆದು "ನಿನ್ನ ಪೆಟ್ಟಿಗೆ ಇಲ್ಲಿಗೆ ತರಿಸು" ಎಂದ.

ಏಪ್ರಿಲ್ 24

ಇಡೀ ದಿನ ಜಗಳ. ಎತ್ತು ಏರಿಗೆ, ಕೋಣ ನೀರಿಗೆ.

"ಹಚ್ಚಿ ಹಚ್ಚಿಯೇ ಇಲ್ಲಿಗೆ ತಂದಿದೀನಿ ನಿನ್ನ. ಇನ್ನು ಮುಟ್ಟಲ್ಲ" ಎಂದೆ.

"ಅದಕ್ಕೇ ನಿನ್ನ ಕೇಳ್ತಿರೋದು. ಡಾಕ್ಟ್ರನ್ನೂ ಏಮಾರಿಸೋ ಕೈ ನಿಂದು" ಎಂದು ತಮಾಷೆ ಮಾಡಿದ. ನಾನು ನಗಲಿಲ್ಲ. ಅವನೂ ನಿಲ್ಲಿಸಿದ. "ಅವಳಮ್ಮ ಸಾಯೋದನ್ನ ಪೂರ್ತಿ ನೋಡಿದಾಳೆ ಕಣೇ ಅವಳು. ಪರೀಕ್ಷೆ ಬಿಟ್ಟು ಆಸ್ಪತ್ರೆ ಬೆಂಚಿನ ಮೇಲೆ ಮಲಗಿದ್ಲು. ಆಮೇಲೆ ಒಂದು ವರ್ಷ ನಗೋದೇ ಬಿಟ್ಟಿದ್ಲು. ಇನ್ನೊಂದ್ಸಲ ನೋಡಿಸ್ಬೇಡ. ಹೋಗಿ ಬರಲಿ. ಬರೋ ಹೊತ್ತಿಗೆ ನಾನಿದ್ರೆ ಇರ್ತೀನಿ."

"ಇಲ್ದಿದ್ರೆ?"

"ಇಲ್ದಿದ್ರೆ ನೀನಿರ್ತೀಯಲ್ಲ."

ಅವನು ನನ್ನಲ್ಲಿ ಏನನ್ನೂ ಕೇಳಿದವನಲ್ಲ. ಜನ್ಮದಲ್ಲಿ ಒಂದು ಕೇಳಿದ್ದ, ಪಾತ್ರ ಬಿಡುತ್ತೇನೆ ಎಂದು. ಅದನ್ನು ಕೊಡಲಿಲ್ಲ. ಈಗ ಎರಡನೆಯದು. ಇದನ್ನೂ ಇಲ್ಲ ಎನ್ನಲು ನನಗೆ ಯಾವ ಬಾಯಿದೆ? ಪೆಟ್ಟಿಗೆ ತರಿಸಿದೆ.

ಏಪ್ರಿಲ್ 27

ಬೆಳಿಗ್ಗೆ ಅವನನ್ನು ಕಿಟಕಿಯ ಹತ್ತಿರ ಕೂರಿಸಿದೆ. ರಂಗದ ಬಣ್ಣ ದೂರದಿಂದ ನೋಡುವವರಿಗೆ. ಮಗಳು ಒಂದು ಗೇಣಿನಲ್ಲಿ ಕೂತು ನೋಡುತ್ತಾಳೆ, ಅದೂ ಹಗಲಲ್ಲಿ. ನೇರಳೆಯನ್ನು ಬೆರಳ ತುದಿಯಿಂದ ತಟ್ಟಿ ತಟ್ಟಿ ಕೂರಿಸಿದೆ. ಅದರ ಮೇಲೆ ಪ್ಯಾನ್‌ಕೇಕ್, ಸ್ಪಂಜನ್ನು ಹಿಂಡಿ ಹಿಂಡಿ, ಇದ್ದೂ ಇಲ್ಲದಷ್ಟು ತೆಳುವಾಗಿ. ಕಿವಿಯ ಹಿಂದೆ, ಕತ್ತಿನ ಮಡಿಕೆಗಳಲ್ಲಿ, ಕೈಗಳಿಗೆ, ಉಗುರಿನ ಬುಡಕ್ಕೆ. ಮೂಗಿನ ಪಕ್ಕ ಒಂದೆರಡು ಕೆಂಪು ನರದ ಗೆರೆ ಎಳೆದೆ, ಹಾಗೆ ಎಳೆಯದಿದ್ದರೆ ಚರ್ಮ ನಿಜವೆನ್ನಿಸುವುದಿಲ್ಲ. ಗಡ್ಡದ ಜಾಗಕ್ಕೆ ಬೂದಿ ಬಣ್ಣದ ನೆರಳು. ಕಣ್ಣಿಗೆ ಮಾತ್ರ ನನ್ನ ಪೆಟ್ಟಿಗೆಯಲ್ಲಿ ಮದ್ದಿಲ್ಲ. ಕಪ್ಪು ಕನ್ನಡಕ ಹಾಕಿಸಿ, ಕಣ್ಣಿಗೆ ಔಷಧಿ ಬಿಟ್ಟಿದ್ದಾರೆ ಎಂದು ಹೇಳಲು ಗೊತ್ತು ಮಾಡಿಕೊಂಡೆವು. ಸ್ವೆಟರಿನ ಒಳಗೆ ಇನ್ನೊಂದು ಸ್ವೆಟರು.

ಹಿಂದೆ ಸರಿದು ನೋಡಿದೆ. ಅಣ್ಣ ಚೆನ್ನಾಗಿದ್ದ. ಕಾಯಿಲೆಯಿಂದ ಎದ್ದ, ಚೂರು ಸೊರಗಿದ, ಇನ್ನು ಹತ್ತು ವರ್ಷ ಬದುಕುವ ಗಂಡಸು. ಒಂದು ಗಳಿಗೆ ನಾನೇ ನಂಬಿದೆ.

ಚೋಟು ಬಂದಳು. ಬಾಗಿಲಲ್ಲೇ ಬ್ಯಾಗು ಎಸೆದು ಓಡಿಬಂದು ಅಪ್ಪನ ಹಣೆಗೆ ಮುತ್ತು ಕೊಟ್ಟಳು. ಬಣ್ಣ ಒಂದು ಚೂರೂ ಕದಲಲಿಲ್ಲ. "ಕನ್ನಡಕ ನೋಡಿದ್ರೆ ಹೀರೋ ಥರ ಇದೀಯಲ್ಲಪ್ಪ!" ಎಂದಳು. ಅವನು ಒಂದೂವರೆ ಗಂಟೆ ನೆಟ್ಟಗೆ ಕೂತು ಮಾತಾಡಿದ, ನಗಿಸಿದ, ಹಡಗಿನ ಅಡುಗೆಯವರ ಪ್ಯಾನ್‌ಕೇಕು ಕಲ್ಲಿನಂತಿರುತ್ತದೆ ಎಂದು ಅವಳು ದೂರಿದರೆ ಅಷ್ಟು ಜೋರಾಗಿ ನಕ್ಕ. ನಾನು ಅವನ ಎಷ್ಟೋ ನಾಟಕ ನೋಡಿದ್ದೇನೆ. ಇಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ.

ಹೊರಡುವ ಮುಂಚೆ ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದಳು. "ಅತ್ತೆ, ನಿಜ ಹೇಳಿ. ಅಪ್ಪ ಹುಷಾರಾಗಿದಾರೆ ತಾನೆ? ನೀವು ಹೂಂ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಈಗಲೇ ಕ್ಯಾಪ್ಟನ್‌ಗೆ ಫೋನ್ ಮಾಡ್ತೀನಿ."

ನನ್ನ ಬೆರಳ ಸಂದಿಯಲ್ಲಿ ಇನ್ನೂ ಬಣ್ಣವಿತ್ತು. ಕೈ ಬಿಡಿಸಿಕೊಂಡೆ.

"ನಿಂಗೆ ಕಣ್ಣಿಲ್ವೇನೇ? ನೋಡಿದ್ಯಲ್ಲ" ಎಂದೆ.

ಹೋದಳು. ಅವಳ ಕಾರು ತಿರುವು ದಾಟಿದ ಮೇಲೆ ಅಣ್ಣ ಕುರ್ಚಿಯಲ್ಲೇ ಒರಗಿದ. ಒರೆಸಲೇ ಎಂದೆ. "ಇರಲಿ ಬಿಡು, ಸ್ವಲ್ಪ ಹೊತ್ತು" ಎಂದ.

ಮೇ 11

ಅಣ್ಣ ಹೋದ. ಬೆಳಿಗ್ಗೆ, ನಾನು ಹಾಸಿಗೆಯ ಪಕ್ಕ ಇದ್ದೆ. ಚೋಟುವಿನ ಹಡಗಿಗೆ ಸುದ್ದಿ ಕಳಿಸಿದ್ದೇವೆ. ನಡು ಸಾಗರದಲ್ಲಿದೆ.

ಮೇ 13

ಅವಳಿಂದ ಉತ್ತರ. ಎರಡೇ ಪದ. "ಗೊತ್ತಾಯ್ತು ಅತ್ತೆ."

ಮೇ 24

ಅಣ್ಣ, ನಿನ್ನ ಅಂಗಿಗಳನ್ನು ಮಡಿಸಿಟ್ಟೆ. ಎಲ್ಲದರ ಕಾಲರಿನ ಒಳಗೂ ಕಂದು ಗೆರೆ. ಎಷ್ಟು ಸಲ ಹೇಳಿದ್ದೆ, ಪೂರ್ತಿ ಒರೆಸಿಕೊಂಡು ಅಂಗಿ ಹಾಕಿಕೋ ಎಂದು. ಕೇಳುವ ಪೈಕಿಯೇ ನೀನು? ಕೆಳಗಿನ ಮನೆಯವರು ಬಂದು ಹಾಲು ಕೊಟ್ಟು ಹೋದರು. ಕಿಟಕಿಯ ಒಂದು ಚಿಲಕ ಸಡಿಲವಾಗಿದೆ, ಸರಿ ಮಾಡಿಸಬೇಕು.

ಜೂನ್ 4

ಕೆಲಸಕ್ಕೆ ಹೋದೆ. ಮೇಕಪ್ಪಿಗೆ ಕೂರುವ ಮೊದಲು ಎಲ್ಲರೂ ಒಂದು ಸಲ ಹೊರಗಿನ ವರಾಂಡದಲ್ಲಿ ನಿಂತು ಕಣ್ಣು ಬಿಟ್ಟು ನನ್ನನ್ನು ನೋಡಬೇಕು ಎಂದೆ. "ಇದೇನಮ್ಮ, ಹಾಜರಿಯಾ?" ಎಂದು ಗೇಲಿ ಮಾಡಿದರು. ಮಾಡಲಿ. ನಾಲಿಗೆಯನ್ನೂ ನೋಡಿದೆ. ಬದಲಿಯವನಿಗೆ ನಿದ್ದೆ ಸಾಲುತ್ತಿಲ್ಲ, ಕಣ್ಣಿನ ಕೆಳಗೆ ಕಪ್ಪಾಗಿದೆ. ಅದನ್ನು ಮುಚ್ಚುವುದಿಲ್ಲ, ಇವತ್ತು ಬೇಗ ಮಲಗು ಎಂದು ಹಾಗೆಯೇ ರಂಗಕ್ಕೆ ಕಳಿಸಿದೆ. ನಿರ್ದೇಶಕರಿಗೆ ಸಿಟ್ಟು ಬಂದಿದೆ.

ಆ ಹುಡುಗ ಮೆಟ್ಟಿಲ ಮೇಲೆ ನೀನು ಹೇಳಿಕೊಟ್ಟಲ್ಲೇ ಉಸಿರು ತೆಗೆದುಕೊಂಡ.

ಜೂನ್ 17

ಚೋಟು ಬಂದಳು. ಬರುತ್ತಾಳೆಂದು ಗೊತ್ತಿದ್ದೂ ಬಾಗಿಲು ತೆಗೆಯಲು ಕೈ ಬರಲಿಲ್ಲ. ಬಿಸಿಲಿಗೆ ಕಪ್ಪಾಗಿದ್ದಾಳೆ. ಅಳುತ್ತಾಳೆ, ಕೂಗಾಡುತ್ತಾಳೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದುಕೊಂಡಿದ್ದೆ. ಅವಳು ನೀನು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ನೀರು ಕೇಳಿದಳು.

ಕುಡಿದು ಲೋಟ ಕೆಳಗಿಟ್ಟು "ಆಸ್ಪತ್ರೆಗೆ ಹೋಗಿದ್ದೆ. ವೈದ್ಯರು ಎಲ್ಲ ಹೇಳಿದ್ರು" ಎಂದಳು. "ಅವತ್ತು ಅಪ್ಪನ ಮೈಬಣ್ಣ ಹೇಗಿರಬೇಕಿತ್ತು ಅಂತಾನೂ ಹೇಳಿದ್ರು."

ಅವಳ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದೆ.

"ಚೂರೂ ಗೊತ್ತಾಗ್ಲಿಲ್ಲ ಅತ್ತೆ. ಅಷ್ಟು ಹತ್ತಿರ ಕೂತಿದ್ದೆ. ಮುತ್ತು ಕೊಟ್ಟೆ. ಆದ್ರೂ ಗೊತ್ತಾಗ್ಲಿಲ್ಲ."

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಇದನ್ನು ಕೇಳಲೆಂದೇ ಇಷ್ಟು ವರ್ಷ ಕೆಲಸ ಮಾಡಿದ್ದೆ. ಕೇಳಿ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು.

"ಅವನು ಕೇಳ್ದ ಕಣೇ. ನಂಗೆ ಇಲ್ಲ ಅನ್ನೋಕಾಗ್ಲಿಲ್ಲ" ಎಂದೆ.

"ನಾನೂ ಕೇಳಿದ್ದೆ" ಎಂದಳು. "ಅಲ್ಲೇ, ಅಡುಗೆಮನೆಯಲ್ಲಿ. ನಿಮ್ಮ ಕೈ ಹಿಡ್ಕೊಂಡು ಕೇಳಿದ್ದೆ."

ಹೌದು. ನಿನಗೆ ಇಲ್ಲ ಎಂದ ಪಾಪ ಕಳೆಯಲು ಹೋಗಿ ನಿನ್ನ ಮಗಳಿಗೆ ಇಲ್ಲ ಎಂದೆ. ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ನಾನು ಕೊನೆ ಸಲ ನೋಡಿದ್ದು ನಿಮ್ಮ ಕೆಲಸಾನ. ಅಪ್ಪನ್ನ ನೋಡ್ಲೇ ಇಲ್ಲ. ಕಣ್ಣು ಮುಚ್ಚಿದ್ರೆ ಆ ಮುಖಾನೇ ಬರುತ್ತೆ, ಅದು ಅಪ್ಪಂದಲ್ಲ. ಅಪ್ಪನ ಮುಖ ನೋಡಿರೋದು ನೀವೊಬ್ರೇ." ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. "ಹೇಳಿ. ಅದರ ಕೆಳಗೆ ಹೇಗಿದ್ರು, ಹೇಳಿ. ಏನೂ ಹಚ್ಚದೆ ಹೇಳಿ."

ಹೇಳಿದೆ. ಹಣೆಯಿಂದ ಶುರು ಮಾಡಿದೆ. ಹಣೆಯ ಚರ್ಮ ಒಣಗಿ ಮೂಳೆಗೆ ಅಂಟಿತ್ತು, ಎಡಗಡೆ ಕೆರೆದುಕೊಂಡ ಗಾಯದ ಕಲೆ ಇತ್ತು, ಅವಳು ಮುತ್ತು ಕೊಟ್ಟದ್ದು ಅದರ ಮೇಲೆಯೇ ಎಂದೆ. ಕಣ್ಣು ಸಾಸಿವೆ ಹೂವಿನ ಹಳದಿ, ರೆಪ್ಪೆಯ ಅಂಚು ಕೆಂಪು ಎಂದೆ. ಕೆನ್ನೆಯ ಗುಳಿ ಎಷ್ಟು ಆಳವಿತ್ತೆಂದು ನನ್ನ ಬೆರಳಿನಲ್ಲಿ ತೋರಿಸಿದೆ. ತುಟಿ ಬಿರಿದಿತ್ತು, ಅವಳು ಬರುತ್ತಾಳೆಂದು ಬೆಳಿಗ್ಗೆಯೇ ನೀನು ಅದಕ್ಕೆ ನಿನ್ನ ಕೈಯಾರೆ ವ್ಯಾಸಲೀನು ಹಚ್ಚಿಕೊಂಡಿದ್ದೆ ಎಂದೆ. ಕತ್ತಿನ ನರಗಳನ್ನು ಒಂದೊಂದಾಗಿ ಹೇಳಿದೆ. ಏನನ್ನೂ ಮೆದು ಮಾಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು, ನೀರು ಕೆನ್ನೆಯ ಮೇಲೆ ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

ಮುಗಿಯಿತು ಎಂದೆ. ಅವಳು ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಹೇಳಿ ಅತ್ತೆ" ಎಂದಳು.

ಮತ್ತೆ ಹಣೆಯಿಂದ ಶುರು ಮಾಡಿದೆ.